ಸೌರ ಬಡಾವಣೆ: ನಿರ್ಮಾಣ ವೆಚ್ಚದ ಆಚೆಗಿನ ಲೆಕ್ಕ

ಮನೆ ಕಟ್ಟಿಸುವವರು ಸಾಮಾನ್ಯವಾಗಿ ಚದರಡಿಗೆ ತಗಲುವ ವೆಚ್ಚವನ್ನಷ್ಟೇ ವಿಚಾರಿಸುತ್ತಾರೆ. ಅದೇ ಮನೆಯಲ್ಲಿ ಮುಂದಿನ ಇಪ್ಪತ್ತೈದು ವರ್ಷಗಳ ಕಾಲ ವಿದ್ಯುತ್ತಿಗೆ, ಇಂಧನಕ್ಕೆ ಹಾಗೂ ದುರಸ್ತಿಗೆ ತೆರಬೇಕಾದ ಮೊತ್ತವನ್ನು ಲೆಕ್ಕ ಹಾಕುವವರು ವಿರಳ. ಕಾರ್ಖಾನೆಗೆ ಯಂತ್ರ ಕೊಳ್ಳುವಾಗ ಅದರ ಬೆಲೆಯ ಜೊತೆಗೆ ಚಾಲನಾ ವೆಚ್ಚ, ಬಾಳಿಕೆ ಮತ್ತು ಬದಲಾವಣೆಯ ಖರ್ಚನ್ನು ಪರಿಶೀಲಿಸುವ ಉದ್ಯಮಿಯೂ ಮನೆಯ ವಿಷಯದಲ್ಲಿ ಈ ಶಿಸ್ತನ್ನು ಮರೆಯುತ್ತಾನೆ. ಸೌರಶಕ್ತಿಯನ್ನು ಆಧರಿಸಿದ ಬಡಾವಣೆಗಳ ಯಶಸ್ಸು ಮತ್ತು ವೈಫಲ್ಯ ಎರಡೂ ಈ ಶಿಸ್ತನ್ನೇ ಅವಲಂಬಿಸಿವೆ. ಇದಕ್ಕೆ ಕೆನಡಾ ದೇಶದ ಒಂದು ಪ್ರಯೋಗ ಉತ್ತಮ ನಿದರ್ಶನವಾಗಿದೆ.

ಐವತ್ತೆರಡು ಮನೆಗಳ ಪ್ರಯೋಗ

ಆಲ್ಬರ್ಟಾ ಪ್ರಾಂತ್ಯದ ಕ್ಯಾಲ್ಗರಿ ನಗರದ ದಕ್ಷಿಣಕ್ಕಿರುವ ಓಕೋಟೋಕ್ಸ್ ಎಂಬ ಪಟ್ಟಣದಲ್ಲಿ 'ಡ್ರೇಕ್ ಲ್ಯಾಂಡಿಂಗ್' ಹೆಸರಿನ ಬಡಾವಣೆಯನ್ನು ನಿರ್ಮಿಸಿ, 2007ರಲ್ಲಿ ಅದರ ಸೌರ ವ್ಯವಸ್ಥೆಗೆ ಚಾಲನೆ ನೀಡಲಾಯಿತು. ಅಲ್ಲಿ 52 ಬಿಡಿ ಮನೆಗಳಿವೆ. ಚಳಿಗಾಲದಲ್ಲಿ ಉಷ್ಣಾಂಶ ಶೂನ್ಯಕ್ಕಿಂತ ಬಹಳ ಕೆಳಗಿಳಿಯುವ ಆ ಪ್ರದೇಶದಲ್ಲಿ ಮನೆಯನ್ನು ಬೆಚ್ಚಗಿಡುವುದೇ ದೊಡ್ಡ ಖರ್ಚು. ಬಿಸಿಲು ಧಾರಾಳವಾಗಿರುವುದು ಬೇಸಿಗೆಯಲ್ಲಿ. ಶಾಖ ಬೇಕಾಗಿರುವುದು ಚಳಿಗಾಲದಲ್ಲಿ. ಈ ಅಂತರವನ್ನು ತುಂಬುವುದೇ ಯೋಜನೆಯ ಉದ್ದೇಶವಾಗಿತ್ತು.

ಇದಕ್ಕಾಗಿ ಗ್ಯಾರೇಜುಗಳ ಛಾವಣಿಗಳ ಮೇಲೆ ಸುಮಾರು 800 ಸೌರ ಶಾಖ ಸಂಗ್ರಾಹಕಗಳನ್ನು ಅಳವಡಿಸಲಾಯಿತು. ಬೇಸಿಗೆಯಲ್ಲಿ ಸಂಗ್ರಹವಾದ ಶಾಖವನ್ನು ನೀರಿನ ಮೂಲಕ ಭೂಮಿಯೊಳಗೆ ಇಳಿಸಲು ತಲಾ 37 ಮೀಟರ್ ಆಳದ 144 ಕೊಳವೆಗಳನ್ನು ಕೊರೆಯಲಾಯಿತು. ಬೇಸಿಗೆಯ ಕೊನೆಗೆ ಅಲ್ಲಿನ ಮಣ್ಣು ಸುಮಾರು 80 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತಿತ್ತು. ಚಳಿಗಾಲದಲ್ಲಿ ಅದೇ ಶಾಖವನ್ನು ಮರಳಿ ಪಡೆದು ಮನೆಗಳಿಗೆ ಹರಿಸಲಾಗುತ್ತಿತ್ತು. ಸರಳವಾಗಿ ಹೇಳುವುದಾದರೆ, ಸುಗ್ಗಿಯಲ್ಲಿ ಹಗೇವಿಗೆ ತುಂಬಿದ ಧಾನ್ಯವನ್ನು ಬರದ ತಿಂಗಳುಗಳಲ್ಲಿ ತೆಗೆದು ಬಳಸುವ ಕ್ರಮವೇ ಇದು.

ಒಂಟಿ ಮನೆಗೆ ಇಂತಹ ವ್ಯವಸ್ಥೆ ಲಾಭದಾಯಕವಲ್ಲ. ಸಂಗ್ರಹದ ಗಾತ್ರ ಚಿಕ್ಕದಾದಷ್ಟೂ ಅದರ ಹೊರಮೈಯಿಂದ ಸೋರಿಹೋಗುವ ಶಾಖದ ಪ್ರಮಾಣ ಹೆಚ್ಚು. ಗಾತ್ರ ಹಿರಿದಾದಂತೆ ಸೋರಿಕೆಯ ಪಾಲು ಇಳಿಯುತ್ತದೆ. ಆದುದರಿಂದ ನೆರೆಹೊರೆಯವರು ಒಂದುಗೂಡುವುದು ಇಲ್ಲಿ ಕೇವಲ ಸೌಹಾರ್ದದ ಮಾತಲ್ಲ. ಅದು ಲೆಕ್ಕದ ಅಗತ್ಯ.

ಯೋಜನೆಯ ನಿರೀಕ್ಷೆ ಶಾಖದ ಬೇಡಿಕೆಯ ಶೇ. 90 ಭಾಗವನ್ನು ಬಿಸಿಲಿನಿಂದ ಪೂರೈಸುವುದಾಗಿತ್ತು. 2015-16ರ ಋತುವಿನಲ್ಲಿ ಅದು ಶೇ. 100ನ್ನು ಮುಟ್ಟಿತು. ಇದಕ್ಕೆ ಸಂಗ್ರಾಹಕಗಳಷ್ಟೇ ಕಾರಣವಲ್ಲ. ಆ ಮನೆಗಳನ್ನು ಸಾಮಾನ್ಯ ಮನೆಗಳಿಗಿಂತ ಕಡಿಮೆ ಇಂಧನ ಸಾಲುವಂತೆ, ಶಾಖ ಸೋರದ ಗೋಡೆ, ಕಿಟಕಿ, ಛಾವಣಿಗಳೊಡನೆ ಕಟ್ಟಲಾಗಿತ್ತು. ಮೊದಲು ಬೇಡಿಕೆಯನ್ನು ತಗ್ಗಿಸು, ಆಮೇಲೆ ಪೂರೈಕೆಗೆ ಬಂಡವಾಳ ಹೂಡು ಎಂಬುದು ಅಲ್ಲಿ ಅನುಸರಿಸಿದ ಕ್ರಮ.

ಎಡವಿದ್ದು ಎಲ್ಲಿ?

ಈ ಪ್ರಯೋಗದ ಆರಂಭಿಕ ವೆಚ್ಚ ಸುಮಾರು 70 ಲಕ್ಷ ಕೆನಡಾ ಡಾಲರ್. ಅಂದರೆ ಮನೆಯೊಂದಕ್ಕೆ ಸರಾಸರಿ 1.35 ಲಕ್ಷ ಡಾಲರ್. ಇದರ ಬಹುಪಾಲನ್ನು ಸರ್ಕಾರಿ ಹಾಗೂ ಪೌರಸಂಸ್ಥೆಗಳ ನಿಧಿಗಳು ಭರಿಸಿದವು. ಒಂದು ಬಾರಿಯ ಸಂಶೋಧನಾ ವೆಚ್ಚವನ್ನು ಬಿಟ್ಟರೆ ಇಂತಹುದೇ ಬಡಾವಣೆಯನ್ನು ಸುಮಾರು 40 ಲಕ್ಷ ಡಾಲರ್‌ಗಳಲ್ಲಿ ಕಟ್ಟಬಹುದೆಂದೂ, 200ರಿಂದ 300 ಮನೆಗಳಿದ್ದರೆ ಮಾತ್ರ ಮಿತವ್ಯಯ ಸಾಧ್ಯವೆಂದೂ ಅಂದಾಜಿಸಲಾಗಿತ್ತು.

ಆದರೆ ಕಾಲಕ್ರಮದಲ್ಲಿ ಬಿಡಿಭಾಗಗಳು ಸವೆದು ಕೆಡತೊಡಗಿದವು. ವಿಶಿಷ್ಟ ವ್ಯವಸ್ಥೆಯಾದ ಕಾರಣ ದುರಸ್ತಿ ಕಷ್ಟವೂ ದುಬಾರಿಯೂ ಆಯಿತು. ಕೊನೆಗೆ 2024ರಲ್ಲಿ ವ್ಯವಸ್ಥೆಯನ್ನು ಸ್ಥಗಿತಗೊಳಿಸಿ ಮನೆಗಳನ್ನು ನೈಸರ್ಗಿಕ ಅನಿಲಕ್ಕೆ ಬದಲಾಯಿಸುವ ಕಾರ್ಯ ನಡೆಯಿತು. ಬಿಸಿಲು ಕೈಕೊಡಲಿಲ್ಲ, ತತ್ವವೂ ಸುಳ್ಳಾಗಲಿಲ್ಲ. ಕೇವಲ 52 ಮನೆಗಳ ಹೆಗಲು ಆ ಯಂತ್ರಸಾಮಗ್ರಿಯ ಪುನರ್‌ನವೀಕರಣದ ಭಾರಕ್ಕೆ ಚಿಕ್ಕದಾಗಿತ್ತು.

ನಮ್ಮಲ್ಲಿನ ಸ್ಥಿತಿ

ಕರ್ನಾಟಕದಲ್ಲಿ ಮನೆ ಕಾಯಿಸುವ ಅಗತ್ಯವಿಲ್ಲ. ಇಲ್ಲಿನ ಬೇಡಿಕೆ ಸ್ನಾನದ ಬಿಸಿನೀರು, ದೀಪ, ಫ್ಯಾನು ಹಾಗೂ ನೀರೆತ್ತುವ ಪಂಪಿಗೆ ಸಂಬಂಧಿಸಿದುದು. 2 ಕಿಲೋವ್ಯಾಟ್ ಗೀಸರ್ ದಿನಕ್ಕೊಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್ ಖರ್ಚಾಗುತ್ತದೆ. ಛಾವಣಿಯ ಸೌರ ಜಲತಾಪಕ ಇದರ ಬಹುಭಾಗವನ್ನು ಉಳಿಸುತ್ತದೆ. ಕಟ್ಟಡದ ಹೊರಕವಚದ ಬಗ್ಗೆ ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ 'ಇಕೋ ನಿವಾಸ್ ಸಂಹಿತಾ'ವನ್ನು ಹೊರತಂದಿದೆ. ಪಶ್ಚಿಮದ ಕಿಟಕಿಗಳಿಗೆ ಸಜ್ಜೆ, ಛಾವಣಿಗೆ ಬಿಳಿ ಲೇಪನ, ಗಾಳಿಯ ಎದುರು-ಬದುರು ಸಂಚಾರ ಮೊದಲಾದವು ನಿರ್ಮಾಣದ ಹಂತದಲ್ಲಿ ಅಲ್ಪ ವೆಚ್ಚದಲ್ಲಿ ಆಗುವಂತಹವು.

ವಿದ್ಯುತ್ತಿನ ವಿಷಯದಲ್ಲಿ 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯು 1 ಕಿಲೋವ್ಯಾಟ್‌ಗೆ 30,000 ರೂ., 2 ಕಿಲೋವ್ಯಾಟ್‌ಗೆ 60,000 ರೂ., 3 ಕಿಲೋವ್ಯಾಟ್ ಹಾಗೂ ಮೇಲ್ಪಟ್ಟವುಗಳಿಗೆ 78,000 ರೂ. ಸಹಾಯಧನವನ್ನು ನಿಗದಿಪಡಿಸಿತು. ನಿವಾಸಿ ಸಂಘಗಳ ಸಾಮೂಹಿಕ ಸೌಲಭ್ಯಗಳಿಗೆ ಪ್ರತಿ ಕಿಲೋವ್ಯಾಟ್‌ಗೆ 18,000 ರೂ. ಗೊತ್ತುಮಾಡಲಾಯಿತು. ನಮ್ಮ ಬಿಸಿಲಿನಲ್ಲಿ 1 ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ನೀಡುತ್ತದೆ.

ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದಾಗಿ, ರಾಜ್ಯದಲ್ಲಿ 2023ರಲ್ಲಿ ಜಾರಿಯಾದ ಗೃಹಜ್ಯೋತಿ ಯೋಜನೆಯಿಂದ ಶೂನ್ಯ ಬಿಲ್ಲು ಪಡೆಯುವ ಕುಟುಂಬಕ್ಕೆ ಸೌರಫಲಕದಿಂದ ದೊರೆಯುವ ಉಳಿತಾಯ ಅತ್ಯಲ್ಪ. ಅಂಥವರಿಗೆ ಮೊದಲು ಲಾಭ ತರುವುದು ದಕ್ಷ ನಿರ್ಮಾಣವೇ. ಎರಡನೆಯದಾಗಿ, ಸೌರ ಉಪಕರಣಗಳ ಮೇಲಿನ ಸವಕಳಿ ರಿಯಾಯಿತಿ ವ್ಯವಹಾರಕ್ಕೆ ಬಳಸುವ ಆಸ್ತಿಗೆ ಮಾತ್ರ ಅನ್ವಯಿಸುತ್ತದೆ. 2017ರ ಏಪ್ರಿಲ್ 1ರಿಂದ ಅದರ ದರ ಶೇ. 40ಕ್ಕೆ ಇಳಿಯಿತು. ವರ್ತಕನು ತನ್ನ ಸ್ವಂತ ವಾಸದ ಮನೆಯ ಫಲಕವನ್ನು ಅಂಗಡಿಯ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ.

ನವೀಕರಣ ನಿಧಿ

ಓಕೋಟೋಕ್ಸ್‌ನ ಪಾಠ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಉದಾಹರಣೆಗೆ, 40 ಮನೆಗಳ ಬಡಾವಣೆಯೊಂದು 40 ಲಕ್ಷ ರೂ. ವೆಚ್ಚದಲ್ಲಿ ಸಾಮೂಹಿಕ ಸೌರ ವ್ಯವಸ್ಥೆಯನ್ನು ಸ್ಥಾಪಿಸಿತೆಂದು ಭಾವಿಸೋಣ. ಇದರಲ್ಲಿ ಫಲಕ ಮತ್ತು ಚೌಕಟ್ಟಿನ ಪಾಲು 30 ಲಕ್ಷ, ಬಾಳಿಕೆ 25 ವರ್ಷ. ಇನ್‌ವರ್ಟರ್ ಮತ್ತು ನಿಯಂತ್ರಣ ಉಪಕರಣಗಳ ಪಾಲು 10 ಲಕ್ಷ, ಬಾಳಿಕೆ 10 ವರ್ಷ. ಮೊದಲನೆಯದಕ್ಕೆ ವರ್ಷಕ್ಕೆ 1,20,000 ರೂ., ಎರಡನೆಯದಕ್ಕೆ 1,00,000 ರೂ. ಎತ್ತಿಡಬೇಕು. ಒಟ್ಟು 2,20,000 ರೂಪಾಯಿಗಳನ್ನು 40 ಮನೆಗಳಿಗೆ ಹಂಚಿದರೆ ಮನೆಗೆ ವರ್ಷಕ್ಕೆ 5,500 ರೂ., ತಿಂಗಳಿಗೆ ಸುಮಾರು 460 ರೂ. ಆಗುತ್ತದೆ. ಬಡ್ಡಿ ಹಾಗೂ ಬೆಲೆ ಏರಿಕೆಯನ್ನು ಇಲ್ಲಿ ಪರಿಗಣಿಸಿಲ್ಲ.

ಈ ಮೊತ್ತವನ್ನು ಮೊದಲ ತಿಂಗಳಿನಿಂದಲೇ ಸಂಗ್ರಹಿಸದಿದ್ದರೆ ಹತ್ತನೆಯ ವರ್ಷದಲ್ಲಿ ಪ್ರತಿ ಮನೆಗೂ ಒಮ್ಮೆಗೇ 25,000 ರೂ. ಬೇಡಿಕೆ ಹೋಗುತ್ತದೆ. ಅಷ್ಟರಲ್ಲಿ ಕೆಲವರು ಮನೆ ಮಾರಿರುತ್ತಾರೆ, ಕೆಲವರು ಬಾಡಿಗೆಗೆ ಕೊಟ್ಟಿರುತ್ತಾರೆ, ಉಳಿದವರು ಕೊಡಲು ಹಿಂಜರಿಯುತ್ತಾರೆ. ಸುಸ್ಥಿತಿಯಲ್ಲಿರುವ ಫಲಕಗಳೂ ಒಂದು ಇನ್‌ವರ್ಟರಿನ ಕೊರತೆಯಿಂದ ನಿರುಪಯುಕ್ತವಾಗುತ್ತವೆ. ಆದುದರಿಂದ ನಿಧಿಯ ವಂತಿಗೆಯನ್ನು ಸಂಘದ ಉಪವಿಧಿಗಳಲ್ಲಿಯೇ ಸೇರಿಸಿ, ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಿಸಿ, ವರ್ಷಂಪ್ರತಿ ಲೆಕ್ಕ ತಪಾಸಣೆ ಮಾಡಿಸುವುದು ಸೂಕ್ತ. ಊರಿನ ಪೇಟೆಯಲ್ಲಿಯೇ ಬಿಡಿಭಾಗ ದೊರೆಯುವ, ಸ್ಥಳೀಯ ಕುಶಲಕರ್ಮಿ ದುರಸ್ತಿ ಮಾಡಬಲ್ಲ ಉಪಕರಣಗಳನ್ನೇ ಆರಿಸುವುದು ಇನ್ನೂ ಮುಖ್ಯ.

ಕಾರ್ಮಿಕರಿಗೆ ವಸತಿ ಕಲ್ಪಿಸಬಯಸುವ ಕಾರ್ಖಾನೆದಾರರು ಹಾಗೂ ಗೃಹನಿರ್ಮಾಣ ಸಂಘಗಳಲ್ಲಿರುವ ವರ್ತಕರು ನಕ್ಷೆಗೆ ಸಹಿ ಹಾಕುವ ಮುನ್ನವೇ ಈ ಲೆಕ್ಕವನ್ನು ಬರೆದಿಡಬೇಕು. ಬಿಸಿಲು ಉಚಿತ, ಅದನ್ನು ಹಿಡಿದಿಡುವ ಯಂತ್ರ ಉಚಿತವಲ್ಲ. ಕಡಿಮೆ ಬೆಲೆಗೆ ಕಟ್ಟಿದ್ದು ಮಾತ್ರ ಅಗ್ಗದ ಮನೆಯಲ್ಲ; ಕೊನೆಯವರೆಗೂ ನಡೆಸಿಕೊಂಡು ಹೋಗಲು ಸಾಧ್ಯವಾಗುವುದೇ ನಿಜವಾದ ಅಗ್ಗದ ಮನೆ.