ಸುಳಿ, ಚೊಗರು, ಆಸರು

ಪ್ರತಿಯೊಂದು ಕಸುಬಿಗೂ ಅದರದೇ ಆದ ನುಡಿಯಿರುತ್ತದೆ. ನಾವು ಅಡಿಕೆ, ಕಾಫಿ ಬೆಳೆಯುವವರೂ ಇದಕ್ಕೆ ಹೊರತಲ್ಲ. ನಮ್ಮ ಈ ಪತ್ರಿಕೆಯಲ್ಲಿ ಸಾಮಾನ್ಯವಾಗಿ ದರ, ಮದ್ದು, ಸಾಲ ಇವುಗಳ ವಿಚಾರವೇ ಹೆಚ್ಚು. ಈ ಸಲ ಮಾತಿನ ಬಗ್ಗೆಯೇ ನಾಲ್ಕು ಮಾತು ಬರೆಯಲು ಸದಸ್ಯ ಬಂಧುಗಳು ಅವಕಾಶ ಕೊಡಬೇಕು.

ಪೇಟೆಯವರಿಗೆ ಅಡಿಕೆಯೆಂದರೆ ಅಡಿಕೆ, ಅಷ್ಟೆ. ನಮಗೆ ಅದು ಹಸ, ಬೆಟ್ಟೆ, ರಾಶಿ, ಗೊರಬಲು, ಚಾಲಿ. ಎಳೆಯ ಕಾಯಿ ಹಸವಾಗುತ್ತದೆ, ಬಲಿತು ಮೀರಿದ್ದು ಗೊರಬಲಾಗುತ್ತದೆ. ಬೇಯಿಸದೆ ಹಣ್ಣಡಿಕೆಯನ್ನು ಒಣಗಿಸಿ ಸುಲಿದದ್ದು ಚಾಲಿ. ಬೇಯಿಸಿದ ನೀರು ಚೊಗರು. ಕೊನೆ ಇಳಿಸುವ ದಿನ ನಾಲ್ಕಾರು ಹೆಚ್ಚುಕಡಿಮೆಯಾದರೆ ಹೆಸರು ಬದಲಾಗುತ್ತದೆ, ಹೆಸರಿನೊಡನೆ ದರವೂ ಬದಲಾಗುತ್ತದೆ. ಆದ್ದರಿಂದ ಈ ಶಬ್ದಗಳು ಅಲಂಕಾರವಲ್ಲ. ಒಂದು ವರ್ಷದ ದುಡಿಮೆಯ ಅಳತೆಗೋಲು.

ಹಾಗೆಂದು ನಮ್ಮ ನುಡಿ ಬೇಲಿಯೊಳಗೇ ಬೆಳೆದದ್ದು ಎಂದು ತಿಳಿಯಬೇಕಾಗಿಲ್ಲ. ತೋಟದ ಮೇಸ್ತ್ರಿ ಪೋರ್ಚುಗೀಸ್ ಮೂಲದವನು. ಎಸ್ಟೇಟಿನ ರೈಟರು ಇಂಗ್ಲಿಷರ ಕಾಲದಿಂದ ಬಂದವನು. ಆತ ಬರೆಯುವುದು ಕಥೆ ಕಾದಂಬರಿಯಲ್ಲ, ಆಳುಗಳ ಹಾಜರಿ. ಇಲ್ಲಿಂದ ಹೊರಕ್ಕೆ ಹೋದ ಶಬ್ದಗಳೂ ಇವೆ. ನಮ್ಮ ಅಡಿಕೆಯ ಒಡಹುಟ್ಟಾದ ಮಲಯಾಳದ ಅಡಯ್ಕ ಪೋರ್ಚುಗೀಸರ ಬಾಯಲ್ಲಿ ಅರೆಕ ಆಯಿತು. ಲಿನೇಯಸ್ 1753ರಲ್ಲಿ ಮರಕ್ಕೆ ಶಾಸ್ತ್ರೀಯ ಹೆಸರಿಡುವಾಗ ಅದನ್ನೇ ಬಳಸಿದ. 1876ರಲ್ಲಿ ಇಂಗ್ಲೆಂಡಿನ ಶಿಲೀಂಧ್ರತಜ್ಞ ಎಂ. ಸಿ. ಕುಕ್ ನಮ್ಮ ಕಾಫಿಯ ರೋಗಕ್ಕೆ ಹೆಸರಿಡುವಾಗ ಕನ್ನಡದ ‘ಕೊಳೆರೋಗ’ವನ್ನೇ ಲ್ಯಾಟಿನ್ ಹೆಸರಿನೊಳಗೆ ಸೇರಿಸಿದ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಎಲ್. ಸಿ. ಕೋಲ್‌ಮನ್ 1910ರಲ್ಲಿ ಅಡಿಕೆಯ ರೋಗದ ಬಗ್ಗೆ ಪ್ರಕಟಿಸಿದ ಬರಹಕ್ಕೂ ಅದೇ ಶಬ್ದ ಬೇಕಾಯಿತು. ಮಳೆಯಲ್ಲಿ ನೆನೆದ ರೈತನ ಬಾಯಿಂದ ಬಂದ ಮಾತನ್ನು ದೊಡ್ಡ ದೊಡ್ಡ ವಿದ್ವಾಂಸರೂ ಬಿಟ್ಟುಹಾಕಲಿಲ್ಲ ಎಂಬುದು ನಾವು ಮನಸ್ಸಿನಲ್ಲಿಡಬೇಕಾದ ಸಂಗತಿ.

ಇನ್ನು ಮನೆಯ ವಿಚಾರ. ನನ್ನ ಮಗ ಬೆಂಗಳೂರಿನ ಕೆಲಸ ಬಿಟ್ಟು 2020ರಲ್ಲಿ ತೋಟಕ್ಕೆ ಬಂದ. ಓದಿದವ, ಶ್ರಮಜೀವಿ. ಒಂದು ಮಳೆಗಾಲದಲ್ಲಿ ನಮ್ಮ ಹಳೆಯ ಆಳು ಅವನಿಗೆ, “ಕೆಳಗಿನ ಬಣ್ಣದಲ್ಲಿ ಏಳು ಮರದ ಸುಳಿ ಬಾಡಿದೆ” ಎಂದ. ಮಗ ಅದನ್ನು ಎಲೆ ಬಾಡಿದೆ ಎಂದು ಅರ್ಥಮಾಡಿಕೊಂಡು, ಮಳೆ ಬಿಡಲಿ, ನೋಡೋಣ ಎಂದುಕೊಂಡ. ನಾಲ್ಕು ದಿನ ಕಳೆದು ಊಟದ ಹೊತ್ತಿನಲ್ಲಿ ಮಾತಿಗೆ ಮಾತು ಬಂದಾಗ ನನ್ನ ತಾಯಿ ತುತ್ತು ನಿಲ್ಲಿಸಿ, “ಎಲೆಯೋ, ಸುಳಿಯೋ?” ಎಂದು ಕೇಳಿದರು. ಎಲೆ ಹೋದರೆ ಇನ್ನೊಂದು ಬರುತ್ತದೆ. ಅಡಿಕೆ ಮರಕ್ಕೆ ಸುಳಿ ಒಂದೇ. ಅದು ಕೊಳೆತರೆ ಮರವೇ ಹೋದಂತೆ. ಆ ಮಧ್ಯಾಹ್ನವೇ ಮರ ಹತ್ತಿಸಿ, ಕೊಳೆತ ಭಾಗವನ್ನು ಕೆತ್ತಿ ತೆಗೆಸಿ, ಶೇಕಡಾ 10ರ ಬೋರ್ಡೋ ಮುಲಾಮು ಹಚ್ಚಿಸಿದೆವು. ಐದು ಉಳಿದವು, ಎರಡು ಹೋದವು. ಇಪ್ಪತ್ತು ವರ್ಷದ ಫಲ ಬರುವ ಮರಗಳು.

ಮಗನನ್ನು ದೂರಿ ಪ್ರಯೋಜನವಿಲ್ಲ. ಈ ಮಾತುಗಳನ್ನು ಅವನು ಕಲಿಯಬೇಕಾಗಿದ್ದ ಶಾಲೆಯೇ ಮುಚ್ಚಿಹೋಗಿತ್ತು. ಹಿಂದೆ ಸುಗ್ಗಿಯ ರಾತ್ರಿಗಳಲ್ಲಿ ನೆರೆಹೊರೆಯವರೆಲ್ಲ ಒಬ್ಬರ ಮನೆಯಂಗಳದಲ್ಲಿ ಸಾಲಾಗಿ ಮೆಟ್ಟುಗತ್ತಿಯ ಮೇಲೆ ಕುಳಿತು ಅಡಿಕೆ ಸುಲಿಯುತ್ತಿದ್ದರು. ಕೈಗೆ ಕೆಲಸ, ಬಾಯಿಗೆ ಬಿಡುವು. ಕಥೆ, ಜಗಳ, ನೆಂಟಸ್ತಿಕೆ, ಯಾವ ಮರಕ್ಕೆ ಏನಾಯಿತು ಎಂಬುದೆಲ್ಲ ಅಲ್ಲೇ. ಮಡಿಲಲ್ಲಿ ನಿದ್ದೆಹೋದ ಮಕ್ಕಳ ಕಿವಿಗೂ ಅದು ಬೀಳುತ್ತಿತ್ತು. ಈಗ ಯಂತ್ರ ಬಂದಿದೆ, ಗುತ್ತಿಗೆ ಬಂದಿದೆ. ಬೆನ್ನುನೋವು ತಪ್ಪಿದ್ದು ಒಳ್ಳೆಯದೇ. ಯಂತ್ರದ ಸದ್ದಿನಲ್ಲಿ ಮಾತು ಕೇಳುವುದಿಲ್ಲ ಎಂಬುದೂ ನಿಜ. ಅಸ್ಸಾಮಿನಿಂದ, ಜಾರ್ಖಂಡಿನಿಂದ ಬಂದ ಕೆಲಸಗಾರರಿಗೆ ಹರುಕುಮುರುಕು ಹಿಂದಿಯಲ್ಲಿ ಹೇಳುವಾಗ ಸುಳಿಯೂ ಎಲೆಯೂ ಒಂದೇ ‘ಪತ್ತಾ’ ಆಗಿಬಿಡುತ್ತದೆ.

ಹೋಗುವ ಶಬ್ದಗಳೆಲ್ಲವನ್ನೂ ಹಿಡಿದಿಡಬೇಕೆಂದು ನನ್ನ ವಾದವಲ್ಲ. ಕಾಫಿ ಬೋರ್ಡಿನ ಕಾಲದ ‘ಪೂಲು’, ‘ಪಾಯಿಂಟು’ ನಮ್ಮ ತಂದೆಯ ತಲೆಮಾರಿಗೆ ದಿನನಿತ್ಯದ ಮಾತು. 1996ರಲ್ಲಿ ಪೂಲ್ ಪದ್ಧತಿ ಪೂರ್ತಿ ಮುಗಿಯಿತು, ಶಬ್ದಗಳೂ ಹೋದವು, ಯಾರಿಗೂ ನಷ್ಟವಾಗಲಿಲ್ಲ. ವಸ್ತು ಹೋದ ಮೇಲೆ ಹೆಸರು ಹೋಗುವುದು ಸಹಜ. ವಸ್ತು ಕಣ್ಣೆದುರಿಗೇ ನಿಂತಿರುವಾಗ ಹೆಸರು ಹೋದರೆ ಮಾತ್ರ ಅಪಾಯ. ಹೆಸರಿಲ್ಲದ್ದನ್ನು ಕಣ್ಣು ಗುರುತಿಸುವುದಿಲ್ಲ.

ಮನುಷ್ಯರ ನಡುವಿನ ಮಾತಿಗೂ ಇದೇ ಲೆಕ್ಕ. ನಮ್ಮ ತಂದೆ ಮಿತಭಾಷಿ. ಮಕ್ಕಳನ್ನು ಹೊಗಳಿದ್ದು ಕೇಳಿದವರಿಲ್ಲ. ಆದರೆ ಬಿಸಿಲಿನಲ್ಲಿ ಯಾರು ಬಂದರೂ, ಆಳಿರಲಿ ಅಮಲ್ದಾರನಿರಲಿ, ಮೊದಲ ಮಾತು “ಆಸರಿಗೆ ಏನು ಬೇಕು?” ಆಸರೆಂದರೆ ಬಾಯಾರಿಕೆ, ದಣಿವು ಎರಡೂ ಹೌದು. ಕೆಲಸದ ವಿಚಾರ ಆಮೇಲೆ, ಮೊದಲು ನಿನ್ನ ದಣಿವು ಆರಲಿ ಎಂಬ ಭಾವನೆ ಆ ಒಂದು ಶಬ್ದದಲ್ಲಿದೆ. “ಏನು ತಗೊಳ್ತೀರಿ?” ಎಂಬಲ್ಲಿ ಕಾಫಿಯಿದೆ, ದಣಿವಿನ ನೆನಪಿಲ್ಲ.

ಸಂಘದ ಕಚೇರಿಯಲ್ಲಿ ಕಾರ್ಯದರ್ಶಿಯಾಗಿ ನಾನು ಬಳಸಬೇಕಾದ ಒಂದು ಶಬ್ದವಿದೆ: ‘ಸುಸ್ತಿದಾರ’. ವಾಯಿದೆ ಮೀರಿದ ಸಾಲಗಾರ ಎಂದರ್ಥ. ಇದರ ಮೂಲವೂ ನಾವು ದಿನಾ ಹೇಳುವ ‘ಸುಸ್ತು’ ಎಂಬುದರ ಮೂಲವೂ ಒಂದೇ. ಪಾರಸಿಯಲ್ಲಿ ಸಡಿಲವಾದ, ಬಲಗುಂದಿದ ಎಂದು ಅರ್ಥ. ಕೊಳೆರೋಗಕ್ಕೋ ಎಲೆಚುಕ್ಕಿಗೋ ಫಸಲು ಕಳೆದುಕೊಂಡವನ ಹೆಸರಿನ ಮುಂದೆ ಈ ಶಬ್ದ ಬರೆಯುವಾಗ ಇದು ನೆನಪಿಗೆ ಬರುತ್ತದೆ. ಕಾಯಿದೆಯ ಪ್ರಕಾರ ನೋಟೀಸು ಹೋಗಲೇಬೇಕು. ಸಾಲ ವಸೂಲಾಗದಿದ್ದರೆ ಸಂಘವೂ ಉಳಿಯುವುದಿಲ್ಲ. ಆದರೆ ನೋಟೀಸಿಗೆ ಮೊದಲು ಮನೆಗೆ ಒಂದು ಮಾತು ಹೋಗಬಹುದಲ್ಲ? ಸುಸ್ತಿದಾರನೂ ಸುಸ್ತಾದವನೇ ಇರಬಹುದು. ಆಡಳಿತ ಮಂಡಳಿ ಈ ಬಗ್ಗೆ ಯೋಚಿಸಬೇಕೆಂದು ಈ ಮೂಲಕವೂ ವಿನಂತಿಸುತ್ತೇನೆ.

ಕೊನೆಯದಾಗಿ ಒಂದು ಸಲಹೆ. ಸಂಘದ ಕಚೇರಿಯ ಮೇಜಿನ ಮೇಲೆ ಒಂದು ದಪ್ಪ ನೋಟ್‌ಬುಕ್ ಇಡಿಸಿದ್ದೇನೆ. ಅಡಿಕೆ ತೂಗಿಸಲು, ಗೊಬ್ಬರ ಒಯ್ಯಲು ಬಂದಾಗ ಸದಸ್ಯರು ತಮ್ಮ ಮನೆಯ ಹಿರಿಯರು ಹೇಳುವ ತೋಟದ ಶಬ್ದಗಳನ್ನು ಅದರಲ್ಲಿ ಬರೆಯಬೇಕು: ಶಬ್ದ, ಅರ್ಥ, ಯಾವ ಊರು, ಇಷ್ಟಿದ್ದರೆ ಸಾಕು. ಬರೆಯಲು ಬಾರದವರು ಹೇಳಿದರೆ ನಮ್ಮ ಗುಮಾಸ್ತರು ಬರೆದುಕೊಳ್ಳುತ್ತಾರೆ. ಕೊನೆಗಾರರನ್ನೂ ಕಾಫಿ ಹಣ್ಣು ಬಿಡಿಸುವ ಹೆಂಗಸರನ್ನೂ ಕೇಳುವುದನ್ನು ಮರೆಯಬೇಡಿ, ಅವರಿಗೆ ನಮಗಿಂತ ಹೆಚ್ಚು ಗೊತ್ತು. ಮುಂದಿನ ಮಳೆಗಾಲ ಹಿಡಿಯುವ ಮೊದಲು ಅವನ್ನು ಪಟ್ಟಿಮಾಡಿ ಇದೇ ಪತ್ರಿಕೆಯಲ್ಲಿ ಅಚ್ಚುಹಾಕೋಣ. ಮೊದಲ ಪುಟದ ಮೊದಲ ಶಬ್ದವನ್ನು ನನ್ನ ಮಗನೇ ಬರೆದಿದ್ದಾನೆ.