ಗೌಂಡಿಯ ಮನೆಯಲ್ಲಿ ವಿನ್ಯಾಸಕಾರ

ಪಣಜಿಯ ಕಂಪಾಲಿನಲ್ಲಿ, ಮಾಂಡವಿ ನದಿಯ ದಂಡೆಯ ಮೇಲಿರುವ ಕಲಾ ಅಕಾಡೆಮಿಯನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಅದರ ನಕ್ಷೆಯನ್ನು ರಚಿಸಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ರಂಗಮಂದಿರದ ಒಳಗೋಡೆಗಳ ಮೇಲೆ ಹಳೆಯ ಗೋವೆಯ ಪ್ರೇಕ್ಷಕರೇ ಬಂದು ಕುಳಿತಿರುವರೋ ಎಂಬಂತೆ ಚಿತ್ರ ಬರೆದವರು ಮಾರಿಯೊ ಮಿರಾಂಡಾ. ಇಂತಹ ಕಟ್ಟಡಗಳಿಗೆ ಕಲ್ಲು ಹೊತ್ತು, ಓಳಂಬ ಹಿಡಿದು ಗೋಡೆ ಎಬ್ಬಿಸುವವರ ಹೆಸರು ಎಲ್ಲಿಯೂ ಬರೆದಿರುವುದಿಲ್ಲ. ಗೋವೆಯಲ್ಲಿ ಆ ಕೆಲಸಕ್ಕೆಂದು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳಗಳಿಂದ ಬಂದು ವಾಸ್ಕೊ, ಝುವಾರಿನಗರಗಳಲ್ಲಿ ನೆಲೆಸಿದ ಕುಟುಂಬಗಳು ಎಷ್ಟೋ ಇವೆ. ಗೋಡೆ ಕಟ್ಟುವವರ ಮಕ್ಕಳು ಅದರ ನಕ್ಷೆಯನ್ನೂ ಬರೆಯಬಲ್ಲರೆಂಬ ಮಾತು ಮಾತ್ರ ನಮ್ಮ ಮನೆಗಳಲ್ಲಿ ಅಪರೂಪ.

ವಿನ್ಯಾಸವೆಂದರೆ ಸಿರಿವಂತರ ಮಕ್ಕಳ ಹವ್ಯಾಸವೆಂದೋ, ಓದಿನಲ್ಲಿ ಹಿಂದುಳಿದವರ ಆಸರೆಯೆಂದೋ ತಿಳಿಯುವವರಿದ್ದಾರೆ. ಗೋವೆಯ ಮೂವರ ಬದುಕನ್ನು ನೋಡಿದರೆ ಈ ಎರಡೂ ಎಣಿಕೆಗಳು ಸಡಿಲವಾಗುತ್ತವೆ.

1926ರಲ್ಲಿ ಹುಟ್ಟಿದ ಮಾರಿಯೊ ಮಿರಾಂಡಾ ಶಾಲೆ ಕಲಿತದ್ದು ಬೆಂಗಳೂರಿನಲ್ಲಿ, ಪದವಿ ಪಡೆದದ್ದು ಮುಂಬಯಿಯಲ್ಲಿ, ಇತಿಹಾಸ ವಿಷಯದಲ್ಲಿ. ಹೆತ್ತವರ ಇಚ್ಛೆಯಂತೆ ವಾಸ್ತುಶಿಲ್ಪ ಕಲಿಯಲು ತೊಡಗಿ, ಮನಸ್ಸು ನಿಲ್ಲದೆ ಬಿಟ್ಟರು. ಜಾಹೀರಾತಿನ ಸ್ಟುಡಿಯೊದಲ್ಲಿ ದುಡಿದು, ಬಳಿಕ ಪತ್ರಿಕೆಗಳ ವ್ಯಂಗ್ಯಚಿತ್ರಕಾರರಾದರು. ಬಾಲ್ಯದಿಂದಲೂ ಅವರ ಕೈಬಿಡದೆ ಬಂದದ್ದು ನಿತ್ಯ ಕಂಡದ್ದನ್ನು ಪುಸ್ತಕದಲ್ಲಿ ಚಿತ್ರಿಸಿಡುವ ರೂಢಿ.

ವೆಂಡೆಲ್ ರೊಡ್ರಿಕ್ಸ್ ಮೊದಲು ಕಲಿತದ್ದು ಹೋಟೆಲ್ ವಿದ್ಯೆ. ಒಮಾನ್ ದೇಶದಲ್ಲಿ ಪೊಲೀಸ್ ಅಧಿಕಾರಿಗಳ ಕ್ಲಬ್ಬೊಂದರಲ್ಲಿ ನೌಕರಿ ಮಾಡಿ, ಉಳಿಸಿದ ಹಣದಿಂದ ಲಾಸ್ ಏಂಜಲೀಸಿಗೆ ಹೋಗಿ ವಸ್ತ್ರವಿನ್ಯಾಸ ಕಲಿತರು. ದೇಶವಿದೇಶಗಳಲ್ಲಿ ಹೆಸರಾದ ಮೇಲೂ ಅವರು ನೆಲೆನಿಂತದ್ದು ಕೊಲ್ವಾಳ ಗ್ರಾಮದಲ್ಲಿ. ಗೋವೆಯ ಕುಣಬಿ ಹೆಂಗಸರು ಉಡುತ್ತಿದ್ದ, ಮರೆಯಾಗುತ್ತಿದ್ದ ಚೌಕುಳಿ ಸೀರೆಯನ್ನು ಮತ್ತೆ ಮಗ್ಗಕ್ಕೇರಿಸಲು ಶ್ರಮಿಸಿದ್ದು ಅವರ ದೊಡ್ಡ ಕೆಲಸ. 2014ರಲ್ಲಿ ಪದ್ಮಶ್ರೀ ದೊರೆಯಿತು. 2020ರಲ್ಲಿ ಅವರು ತೀರಿಕೊಂಡರು.

ಮೂರನೆಯವರು ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ. ದಿಲ್ಲಿಯಲ್ಲಿ ಪದವಿ ಪಡೆದು, ಕೇರಳದಲ್ಲಿ ಲಾರಿ ಬೇಕರ್ ಅವರ ಬಳಿ ಕೆಲಸ ಕಲಿತವರು. ಕಡಿಮೆ ಖರ್ಚಿನಲ್ಲಿ, ಸ್ಥಳದಲ್ಲಿ ದೊರೆಯುವ ಕಲ್ಲುಮಣ್ಣಿನಿಂದ ಕಟ್ಟುವುದು ಬೇಕರ್ ಅವರ ದಾರಿ. ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿ 1990ರಲ್ಲಿ ಆರಂಭವಾದ ನೃತ್ಯಗ್ರಾಮ ಡ ಕುನ್ಹಾ ಅವರ ವಿನ್ಯಾಸ. ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ವಸತಿನಗರವೂ ಅವರದೇ. ಗೋವೆಯ ನಕ್ಷೆಗಾರರು ನಮ್ಮ ನಾಡಿಗೆ ಹೋಗಿ ಕಟ್ಟಿದ್ದಾರೆ. ನಮ್ಮ ಗೌಂಡಿಗಳು ಗೋವೆಗೆ ಬಂದು ಕಟ್ಟುತ್ತಿದ್ದಾರೆ.

ಈ ವಿದ್ಯೆಯ ಬೀಜ ನಮ್ಮ ಮನೆಗಳಲ್ಲಿಯೂ ಉಂಟು. ಚಿರೆಕಲ್ಲಿನ ಗೋಡೆ ಎಲ್ಲಿ ನೀರು ಕುಡಿಯುತ್ತದೆ, ಮೆಟ್ಟಿಲು ಎಷ್ಟು ಎತ್ತರವಾದರೆ ಮುದುಕರ ಕಾಲು ಸೋಲುತ್ತದೆ ಎಂಬುದನ್ನು ತಂದೆ ಬಲ್ಲ. ಇಳಕಲ್ ಸೀರೆಯ ಸೆರಗನ್ನು ಒಡಲಿಗೆ ಹೇಗೆ ಕೂಡಿಸುತ್ತಾರೆ, ಎಳೆ ಎಣಿಸಿ ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳನ್ನು ಹೇಗೆ ಹಾಕುತ್ತಾರೆ ಎಂಬುದನ್ನು ಅಜ್ಜಿ ಬಲ್ಲಳು. ಮಗು ಇವುಗಳನ್ನು ಕೇಳಿ ಚಿತ್ರವಾಗಿ ಬರೆದಿಟ್ಟುಕೊಂಡರೆ ಅದೇ ಮೊದಲ ಪಾಠವಾದೀತು.

ಮುಂದಿನ ದಾರಿಗಳನ್ನು ಪಾಲಕರು ಹತ್ತನೆಯ ತರಗತಿಗೆ ಮೊದಲೇ ತಿಳಿದಿರಬೇಕು. ಪಣಜಿಯ ಆಲ್ತಿನ್ಹೊ ಗುಡ್ಡದ ಮೇಲಿರುವ ಗೋವಾ ಕಲಾ ಮಹಾವಿದ್ಯಾಲಯದಲ್ಲಿ ಹನ್ನೆರಡನೆಯ ತರಗತಿಯ ಬಳಿಕ ನಾಲ್ಕು ವರ್ಷಗಳ ಪದವಿಯಿದೆ. ಚಿತ್ರಕಲೆಯೂ ಅನ್ವಯಿಕ ಕಲೆಯೂ ಅಲ್ಲಿವೆ. ವಾಸ್ತುಶಿಲ್ಪದ ಪದವಿ ಐದು ವರ್ಷಗಳದು. ಅದಕ್ಕೆ ಗಣಿತ ಬೇಕೇ ಬೇಕು. ಹತ್ತನೆಯ ತರಗತಿಯ ಬಳಿಕ ಗಣಿತವನ್ನು ಬಿಟ್ಟ ಮಗುವಿಗೆ ಆ ಬಾಗಿಲು ಮುಚ್ಚಿದಂತೆಯೇ. ಐಐಟಿಗಳ ವಿನ್ಯಾಸ ಪದವಿಗಾಗಿ ಮುಂಬಯಿ ಐಐಟಿ ನಡೆಸುವ ಯುಸೀಡ್ ಪರೀಕ್ಷೆಯನ್ನು ಕಲೆ, ವಾಣಿಜ್ಯ, ವಿಜ್ಞಾನ ಯಾವ ವಿಭಾಗದವರೂ ಬರೆಯಬಹುದು. ಅದರಲ್ಲಿ ಚಿತ್ರರಚನೆಗೂ ಅಂಕಗಳಿವೆ.

ಕಷ್ಟವನ್ನು ಮುಚ್ಚಿಡಬಾರದು. ಯುಸೀಡ್ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿರುತ್ತದೆ. ದೂರದ ಸಂಸ್ಥೆಗಳ ಶುಲ್ಕವೂ ವಸತಿಯ ಖರ್ಚೂ ದಿನಗೂಲಿಯ ಮನೆಗೆ ಭಾರವೇ ಸರಿ. ಆದುದರಿಂದ ಪ್ರವೇಶದ ಅರ್ಜಿಯ ಜೊತೆಯಲ್ಲಿಯೇ ವಿದ್ಯಾರ್ಥಿವೇತನದ ವಿಚಾರವನ್ನೂ ಕೇಳಬೇಕು. ಕನ್ನಡ ಶಾಲೆಯ ಮಗು ಎಂಟನೆಯ ತರಗತಿಯಿಂದಲೇ ತಾನು ಬರೆದ ಚಿತ್ರವನ್ನು ಮೊದಲು ಕನ್ನಡದಲ್ಲಿ, ಬಳಿಕ ಇಂಗ್ಲಿಷಿನಲ್ಲಿ ನಾಲ್ಕು ಮಾತುಗಳಲ್ಲಿ ವಿವರಿಸುವ ಅಭ್ಯಾಸ ಮಾಡಲಿ. ಕನ್ನಡದಲ್ಲಿ ಸ್ಪಷ್ಟವಾಗಿ ಯೋಚಿಸಿದವನಿಗೆ ಇನ್ನೊಂದು ಭಾಷೆಯಲ್ಲಿ ಹೇಳುವುದು ಕಲಿಕೆಯಿಂದ ಬರುತ್ತದೆ.

ಮುಂದಿನ ರಜೆಯಲ್ಲಿ ಒಂದು ದಿನ ಮಕ್ಕಳನ್ನು ನಿಮ್ಮ ಕೆಲಸದ ಜಾಗಕ್ಕೆ ಕರೆದೊಯ್ಯಿರಿ. ಅಲ್ಲಿ ಗೋಡೆಗೆ ಅಂಟಿಸಿದ ನಕ್ಷೆಯನ್ನು ತೋರಿಸಿ, ಅದರ ಯಾವ ಗೆರೆ ಯಾವ ಗೋಡೆಯಾಯಿತೆಂದು ನೀವೇ ವಿವರಿಸಿರಿ.