ಹಗಲು ಹೊತ್ತಿನ ನಕ್ಷತ್ರ ಪಾಠ

ಶಾಲೆಯಲ್ಲಿ ಕಲಿಸುವ ವಿಷಯಗಳ ಪೈಕಿ ಖಗೋಳ ವಿಜ್ಞಾನಕ್ಕೆ ಒಂದು ವಿಚಿತ್ರ ತೊಡಕಿದೆ. ಕೊನೆಯ ಗಂಟೆ ಬಾರಿಸಿ ಮಕ್ಕಳೆಲ್ಲ ಮನೆ ಸೇರಿದ ಮೇಲೆ ಅದರ ಪ್ರಯೋಗಾಲಯದ ಬಾಗಿಲು ತೆರೆಯುತ್ತದೆ. ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಕರಾವಳಿ, ಮಲೆನಾಡಿನ ಮೇಲೆ ಮುಗಿಲು ಕವಿದಿರುತ್ತದೆ. ಸರಿಯುವುದು ದಸರೆಯ ಆಸುಪಾಸಿಗೆ. ಬೆಂಗಳೂರಿನಂಥ ಊರಲ್ಲಿ ಮೋಡವಿಲ್ಲದ ರಾತ್ರಿಯಲ್ಲೂ ದೀಪಗಳ ಬೆಳಕನ್ನು ದಾಟಿ ಕಣ್ಣಿಗೆ ಬೀಳುವ ಚುಕ್ಕಿಗಳು ಬೆರಳೆಣಿಕೆಯಷ್ಟು. ಹೀಗಾಗಿ ಗ್ರಹಗಳ ಹೆಸರು ಬಾಯಿಪಾಠ ಮಾಡಿ, ಗ್ರಹಣದ ಚಿತ್ರ ಬರೆದು, ಅಂಕ ಪಡೆದು, ಸಂಜೆಯ ಆಕಾಶದಲ್ಲಿ ಶುಕ್ರ ಯಾವುದೆಂದು ತೋರಿಸಲು ಬಾರದವರಾಗಿಯೇ ತಲೆಮಾರುಗಳು ಬೆಳೆದವು.

ಈ ಗಂಟನ್ನು ಒಂದಿಷ್ಟು ಸಡಿಲಿಸಿದ್ದು ಇಂಟರ್‌ನೆಟ್. ಅಲ್ಲಿ ಖಗೋಳದ ಸಾಮಗ್ರಿ ರಾಶಿ ರಾಶಿಯಾಗಿದೆ, ಬಹುಪಾಲು ಉಚಿತ. ಆದರೆ ಎಲ್ಲವೂ ಒಂದೇ ತೂಕದ್ದಲ್ಲ. ನೋಡಿ ಬೆರಗಾಗಿ ಮುಂದಕ್ಕೆ ಸರಿಸುವಂಥವು ಕೆಲವು. ಕಲಿಯುವವರ ಕೈಗೆ ಕೆಲಸ ಕೊಡುವಂಥವು ಇನ್ನು ಕೆಲವು. ಮೇಷ್ಟರಿಗೆ ನಿಜವಾಗಿ ಬೇಕಾದದ್ದು ಈ ಎರಡನೆಯ ಬಗೆ.

ಸ್ಟೆಲೇರಿಯಂ ಅಂಥದ್ದು. ಫಾಬಿಯನ್ ಶೆರೋ ಎಂಬ ಫ್ರೆಂಚ್ ಪ್ರೋಗ್ರಾಮರ್ 2000ದ ಬೇಸಿಗೆಯಲ್ಲಿ ಬರೆಯಲು ಕೂತ ಈ ತಂತ್ರಾಂಶ ಇಂದಿಗೂ ಮುಕ್ತ, ಕಂಪ್ಯೂಟರಿಗೆ ಪುಕ್ಕಟೆ. ಆರು ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿ ಅದರೊಳಗಿದೆ. ಊರಿನ ಹೆಸರು, ದಿನಾಂಕ, ಗಂಟೆ ಕೊಟ್ಟರೆ ಆ ಹೊತ್ತಿನ ಆಕಾಶ ಪರದೆಯ ಮೇಲೆ ಮೂಡುತ್ತದೆ. ಅದರ ನಿಜವಾದ ಚಮತ್ಕಾರವಿರುವುದು ಕೀಲಿಮಣೆಯ ‘ಎ’ ಅಕ್ಷರದಲ್ಲಿ. ಅದನ್ನು ಒತ್ತಿದರೆ ವಾತಾವರಣ ಮಾಯವಾಗಿ, ನಡುಹಗಲಿನಲ್ಲೇ ಸೂರ್ಯನ ಸುತ್ತ ನಕ್ಷತ್ರಗಳು ಕಾಣಿಸಿಕೊಳ್ಳುತ್ತವೆ.

ಕನ್ನಡ ನಾಡಿನ ಮಕ್ಕಳಿಗೆ ಇದರಲ್ಲೊಂದು ಬೋನಸ್ ಪಾಠವಿದೆ. ನಮ್ಮ ರೈತರು ಮಳೆಯನ್ನು ಗುರುತಿಸುವುದು ನಕ್ಷತ್ರದ ಹೆಸರಿನಿಂದ: ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ. ಸೂರ್ಯ ಒಂದೊಂದು ನಕ್ಷತ್ರದ ಪಾಲಿನ ಆಕಾಶವನ್ನು ದಾಟಲು ತೆಗೆದುಕೊಳ್ಳುವ ಹದಿಮೂರು ಹದಿನಾಲ್ಕು ದಿನಗಳೇ ಆ ಮಳೆಯ ಅವಧಿ. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು ಎಂಬ ಗಾದೆಯನ್ನು ಅಜ್ಜಿಯ ಬಾಯಲ್ಲಿ ಕೇಳಿದ ಹುಡುಗಿಗೆ ಆ ಮಘೆಯನ್ನು ಕಣ್ಣಾರೆ ಕಾಣುವ ಅವಕಾಶ ಇರುವುದಿಲ್ಲ. ಮಘೆ ಮಳೆಯ ಕಾಲದಲ್ಲಿ ಆ ನಕ್ಷತ್ರ ಸೂರ್ಯನ ಜತೆಗೇ ಹುಟ್ಟಿ ಸೂರ್ಯನ ಜತೆಗೇ ಮುಳುಗುತ್ತದೆ. ಸ್ಟೆಲೇರಿಯಂನಲ್ಲಿ ಆಗಸ್ಟ್ 23ರ ಮಧ್ಯಾಹ್ನಕ್ಕೆ ಹೋಗಿ ವಾತಾವರಣವನ್ನು ಅಳಿಸಿದರೆ ಸೂರ್ಯನಿಗೆ ತಾಗಿಕೊಂಡಂತೆ ಮಘಾ ನಕ್ಷತ್ರ, ಅಂದರೆ ಸಿಂಹರಾಶಿಯ ರೆಗ್ಯುಲಸ್ ಕೂತಿರುತ್ತದೆ. ಪಂಚಾಂಗದಲ್ಲಿ ಮಘೆ ಮಳೆ ಹುಟ್ಟುವುದು ಅದಕ್ಕೆ ಸುಮಾರು ಒಂದು ವಾರ ಮೊದಲು. ಹೊಲದ ಲೆಕ್ಕವೂ ಕಂಪ್ಯೂಟರಿನ ಲೆಕ್ಕವೂ ಹೊಂದಿಕೊಳ್ಳುವುದನ್ನು ಕಂಡ ಮಗುವಿಗೆ, ಸೂರ್ಯ ವರ್ಷಪೂರ್ತಿ ನಕ್ಷತ್ರಗಳ ನಡುವೆ ಸರಿಯುತ್ತಾನೆ ಎಂಬ ಮಾತನ್ನು ಬೇರೆಯಾಗಿ ಬಾಯಿಪಾಠ ಮಾಡಿಸಬೇಕಿಲ್ಲ.

ಇಷ್ಟಾದರೂ ಒಂದು ಎಚ್ಚರ ಬೇಕು. ಪರದೆಯ ಆಕಾಶ ಬಲು ಚೆಂದ. ಮಕ್ಕಳು ಶನಿಯ ಬಳೆಗಳವರೆಗೆ ಹಿಗ್ಗಿಸಿ ನೋಡಿ ಅಲ್ಲೇ ತೃಪ್ತರಾಗಿಬಿಡುತ್ತಾರೆ. ಇವತ್ತು ರಾತ್ರಿ ಎಂಟಕ್ಕೆ ಯಾವ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು ಎಂಬ ಪ್ರಶ್ನೆಗೆ ಉತ್ತರ ಬರೆಸದೆ ತರಗತಿ ಬಿಡುವ ಮೇಷ್ಟ್ರು ಅರ್ಧ ಪಾಠ ಮಾಡಿದಂತೆ.

ಚೆನ್ನಾಗಿ ಓದಿದವರಿಗೂ ಆಕಾಶದ ಬಗ್ಗೆ ಎಂಥ ತಪ್ಪು ಕಲ್ಪನೆಗಳಿರುತ್ತವೆ ಎಂಬುದಕ್ಕೆ ‘ಎ ಪ್ರೈವೇಟ್ ಯೂನಿವರ್ಸ್’ ಎಂಬ 1987ರ ಸಾಕ್ಷ್ಯಚಿತ್ರಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಘಟಿಕೋತ್ಸವದ ದಿನ, ಗೌನು ತೊಟ್ಟು ನಿಂತ ಪದವೀಧರರು, ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳನ್ನು ಕ್ಯಾಮೆರಾದವರು ಸರಳ ಪ್ರಶ್ನೆಗಳನ್ನು ಕೇಳಿದರು: ಬೇಸಿಗೆಯಲ್ಲಿ ಸೆಕೆ ಯಾಕೆ? ಚಂದ್ರ ದಿನಕ್ಕೊಂದು ಆಕಾರದಲ್ಲಿ ಕಾಣುವುದು ಯಾಕೆ? 23 ಮಂದಿಯಲ್ಲಿ 21 ಮಂದಿ ತಪ್ಪು ಹೇಳಿದರು, ಅದೂ ತುಂಬು ಆತ್ಮವಿಶ್ವಾಸದಿಂದ. ಬೇಸಿಗೆಯಲ್ಲಿ ಭೂಮಿ ಸೂರ್ಯನಿಗೆ ಹತ್ತಿರವಾಗುತ್ತದೆ ಎಂಬುದು ಹಲವರ ಉತ್ತರ. ವಾಸ್ತವದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರವಿರುವುದು ಜನವರಿ ಮೊದಲ ವಾರದಲ್ಲಿ, ಹಾರ್ವರ್ಡ್ ಇರುವ ಊರು ಚಳಿಗೆ ನಡುಗುವ ಹೊತ್ತಿನಲ್ಲಿ. ಈ ಚಿತ್ರವನ್ನು ಈಗ ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ನೋಡಬಹುದು. ಶಿಕ್ಷಕರ ತರಬೇತಿಯನ್ನು ಇದರಿಂದಲೇ ಆರಂಭಿಸಿದರೆ ಚೆನ್ನ.

ಚಂದ್ರನ ಕಲೆಗಳಿಗೆ ಭೂಮಿಯ ನೆರಳು ಕಾರಣ ಎಂಬ ನಂಬಿಕೆ ನಮ್ಮಲ್ಲೂ ಗಟ್ಟಿಯಾಗಿದೆ. ಅದನ್ನು ಮಾತಿನಿಂದ ಕೀಳುವುದು ಕಷ್ಟ. ನೆಬ್ರಾಸ್ಕಾ ವಿಶ್ವವಿದ್ಯಾಲಯದವರು ಇದಕ್ಕೆಂದೇ ಚಿಕ್ಕ ಚಿಕ್ಕ ಆನ್‌ಲೈನ್ ಮಾದರಿಗಳನ್ನು ಮಾಡಿದ್ದಾರೆ. ಒಂದರಲ್ಲಿ ಚಂದ್ರನನ್ನು ಮೌಸಿನಿಂದ ಹಿಡಿದು ಭೂಮಿಯ ಸುತ್ತ ಎಳೆಯಬಹುದು. ಚಂದ್ರನ ಅರ್ಧಭಾಗ ಸದಾ ಬೆಳಗಿರುವುದು ಒಂದು ಕಡೆ ಕಾಣುತ್ತದೆ. ಅದೇ ಕ್ಷಣದಲ್ಲಿ ಭೂಮಿಯಿಂದ ಅದರ ಎಷ್ಟು ಪಾಲು ಕಾಣುತ್ತದೆಂಬುದು ಪಕ್ಕದಲ್ಲೇ ಬದಲಾಗುತ್ತ ಹೋಗುತ್ತದೆ. ಅಷ್ಟಮಿಯ ಚಂದ್ರನನ್ನು ನಿಲ್ಲಿಸಿ ಭೂಮಿಯ ನೆರಳು ಎಲ್ಲಿ ಬೀಳುತ್ತಿದೆ ತೋರಿಸು ಎಂದರೆ ಸಾಕು, ಹುಡುಗ ತಾನೇ ತಲೆ ಕೆರೆದುಕೊಳ್ಳುತ್ತಾನೆ. ಈ ಮಾದರಿಗಳು ಫ್ಲ್ಯಾಶ್ ಎಂಬ ತಂತ್ರಜ್ಞಾನದಲ್ಲಿ ತಯಾರಾಗಿದ್ದವು. 2020ರ ಕೊನೆಗೆ ಅಡೋಬಿ ಕಂಪನಿ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿದಾಗ ಜಗತ್ತಿನಾದ್ಯಂತ ಇಂಥ ಎಷ್ಟೋ ಪಾಠಗಳು ರಾತ್ರೋರಾತ್ರಿ ಸತ್ತವು. ನೆಬ್ರಾಸ್ಕಾದವರು ತಮ್ಮವನ್ನು ಹೊಸ ರೂಪದಲ್ಲಿ ಉಳಿಸಿಕೊಂಡರು. ಪುಸ್ತಕಕ್ಕೆ ಗೆದ್ದಲು ಹಿಡಿಯಲು ವರ್ಷಗಳು ಬೇಕು. ಇಲ್ಲಿ ಒಂದು ಕಂಪನಿಯ ತೀರ್ಮಾನ ಸಾಕು.

ಪುಸ್ತಕವೇ ಬೇಕೆನ್ನುವವರಿಗೆ ಓಪನ್‌ಸ್ಟ್ಯಾಕ್ಸ್‌ನ ‘ಅಸ್ಟ್ರಾನಮಿ’ ಇದೆ. ಆಂಡ್ರ್ಯೂ ಫ್ರಾಕ್ನಾಯ್, ಡೇವಿಡ್ ಮಾರಿಸನ್, ಸಿಡ್ನಿ ವುಲ್ಫ್ ಬರೆದ, 2016ರಲ್ಲಿ ಬಂದ ಈ ದಪ್ಪ ಪಠ್ಯಪುಸ್ತಕವನ್ನು ಯಾರು ಬೇಕಾದರೂ ಕಾಸಿಲ್ಲದೆ ಇಳಿಸಿಕೊಳ್ಳಬಹುದು. ಇಂಗ್ಲಿಷಿನಲ್ಲಿದೆ, ಗಣಿತ ಕಡಿಮೆ. ಪಿಯುಸಿ ಮಕ್ಕಳಿಗೆ ಅಡ್ಡಿಯಿಲ್ಲ.

ದೂರದರ್ಶಕ ಇಲ್ಲದವರೂ ದೂರದರ್ಶಕ ಬಳಸಬಹುದು ಎಂಬುದು ಇನ್ನೊಂದು ಸೋಜಿಗ. ಹಾರ್ವರ್ಡ್-ಸ್ಮಿತ್ಸೋನಿಯನ್ ಖಭೌತ ಕೇಂದ್ರದ ಶಿಕ್ಷಣ ವಿಭಾಗ ‘ಮೈಕ್ರೊಅಬ್ಸರ್ವೇಟರಿ’ ಹೆಸರಿನಲ್ಲಿ 6 ಇಂಚಿನ ಕನ್ನಡಿಯ ಪುಟ್ಟ ರೋಬಾಟ್ ದೂರದರ್ಶಕಗಳನ್ನು ನಡೆಸುತ್ತಿದೆ. ಯಾವ ಕಾಯ, ಎಷ್ಟು ಸೆಕೆಂಡಿನ ಚಿತ್ರ, ಯಾವ ಬಣ್ಣದ ಫಿಲ್ಟರ್ ಎಂದು ಆರಿಸಿ ಕೋರಿಕೆ ಕಳಿಸಿದರೆ ಚಿತ್ರ ಈಮೇಲ್‌ಗೆ ಬರುತ್ತದೆ. ಹಬಲ್ ಬಾಹ್ಯಾಕಾಶ ದೂರದರ್ಶಕದ ಚಿತ್ರಗಳಂತೆ ಝಗಮಗಿಸುವಂಥದ್ದೇನಲ್ಲ, ಬೂದು ಬಣ್ಣದ್ದು. ಬಣ್ಣ ಎಲ್ಲಿಂದ ಬಂತು, ಬೆಳಕು ಕಡಿಮೆಯಾದರೆ ಏನಾಗುತ್ತದೆ ಎಂಬುದೆಲ್ಲ ಆ ಬೂದು ಚಿತ್ರವನ್ನು ತಾವೇ ತಿದ್ದುವಾಗ ಮಕ್ಕಳಿಗೆ ಅರ್ಥವಾಗುತ್ತದೆ. ದೊಡ್ಡವರ ಖಗೋಳವೂ ಹೀಗೇ ನಡೆಯುತ್ತದೆ. ಲಡಾಖ್‌ನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆಯವರು ನಿಯಂತ್ರಿಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ.

ಇಲ್ಲಿಯವರೆಗಿನದು ಕಲಿಕೆ. ಕಲಿಯುವವರಿಂದಲೇ ವಿಜ್ಞಾನಕ್ಕೆ ಏನಾದರೂ ದಕ್ಕಬಹುದು ಎಂದು ಜಗತ್ತಿಗೆ ತೋರಿಸಿದ್ದು 2007ರ ಜುಲೈನಲ್ಲಿ ಶುರುವಾದ ‘ಗೆಲಾಕ್ಸಿ ಝೂ’. ಆಕ್ಸ್‌ಫರ್ಡ್‌ನಲ್ಲಿದ್ದ ಖಗೋಳ ಸಂಶೋಧಕ ಕೆವಿನ್ ಶವಿನ್‌ಸ್ಕಿ ಎದುರು ಸುಮಾರು ಹತ್ತು ಲಕ್ಷ ಗೆಲಾಕ್ಸಿಗಳ ಚಿತ್ರಗಳಿದ್ದವು. ಪ್ರತಿಯೊಂದೂ ಸುರುಳಿಯೋ ಮೊಟ್ಟೆಯಾಕಾರವೋ ಎಂದು ಕಣ್ಣಿನಿಂದಲೇ ವಿಂಗಡಿಸಬೇಕು. ಅಂದಿನ ಕಂಪ್ಯೂಟರುಗಳಿಗೆ ಆ ಕೆಲಸ ಒಗ್ಗಿರಲಿಲ್ಲ. 50 ಸಾವಿರ ನೋಡುವಷ್ಟರಲ್ಲಿ ಅವರು ಹೈರಾಣಾದರು. ಸಹೋದ್ಯೋಗಿ ಕ್ರಿಸ್ ಲಿಂಟಾಟ್ ಜತೆ ಸೇರಿ ಚಿತ್ರಗಳನ್ನು ಸಾರ್ವಜನಿಕರ ಮುಂದಿಟ್ಟರು. ಒಂದೇ ದಿನದೊಳಗೆ ಗಂಟೆಗೆ 70 ಸಾವಿರದ ವೇಗದಲ್ಲಿ ಉತ್ತರಗಳು ಬರತೊಡಗಿದವು. ಮೊದಲ ವರ್ಷದಲ್ಲಿ ಸುಮಾರು ಒಂದೂವರೆ ಲಕ್ಷ ಜನ ಐದು ಕೋಟಿಗೂ ಹೆಚ್ಚು ಬಾರಿ ವಿಂಗಡಣೆ ಮಾಡಿದ್ದರು.

ನೆದರ್‌ಲೆಂಡ್ಸ್‌ನ ಶಾಲಾ ಶಿಕ್ಷಕಿ ಹ್ಯಾನಿ ವಾನ್ ಆರ್ಕೆಲ್ ಅಲ್ಲಿಗೆ ಬಂದದ್ದು ರಾಕ್ ಸಂಗೀತದ ದಾರಿ ಹಿಡಿದು. ಕ್ವೀನ್ ತಂಡದ ಗಿಟಾರ್ ವಾದಕ ಬ್ರಯನ್ ಮೇ ಖಭೌತ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ಅವರ ಬರಹದಿಂದ ಹ್ಯಾನಿಗೆ ಈ ಯೋಜನೆಯ ಸುದ್ದಿ ತಿಳಿಯಿತು. ಆಗಸ್ಟ್‌ನಲ್ಲಿ ಒಂದು ಗೆಲಾಕ್ಸಿಯ ಕೆಳಗೆ ವಿಚಿತ್ರ ಕಲೆಯೊಂದನ್ನು ಕಂಡು ಇದೇನು ಎಂದು ಅವರು ಕೇಳಿದರು. ಉತ್ತರ ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಗೆಲಾಕ್ಸಿಯ ಕೇಂದ್ರದಲ್ಲಿ ಹಿಂದೊಮ್ಮೆ ಉರಿದು ಈಗ ಮಂಕಾಗಿರುವ ಕ್ವೇಸಾರ್‌ನ ಬೆಳಕು ತಾಗಿ ಹೊಳೆಯುತ್ತಿರುವ ಬೃಹತ್ ಅನಿಲ ಮೋಡ ಅದೆಂದು ಆಮೇಲೆ ತಿಳಿಯಿತು. ಹಬಲ್ ದೂರದರ್ಶಕವನ್ನೂ ಅದರತ್ತ ತಿರುಗಿಸಲಾಯಿತು. ಡಚ್ ಭಾಷೆಯಲ್ಲಿ ವಸ್ತು ಎಂಬರ್ಥದ ಪದ ಸೇರಿ ‘ಹ್ಯಾನೀಸ್ ವೋರ್ವೆರ್ಪ್’ ಎಂದೇ ಅದಕ್ಕೆ ಹೆಸರು.

ಇದೇ ಯೋಜನೆಯ ಇನ್ನೊಂದು ಪ್ರಸಂಗಕ್ಕೆ ಅಷ್ಟು ಪ್ರಚಾರ ಸಿಗಲಿಲ್ಲ, ಪಾಠಕ್ಕೆ ಮಾತ್ರ ಅದೇ ಮೇಲು. ಜನರ ಉತ್ತರಗಳ ಪ್ರಕಾರ ಅಪ್ರದಕ್ಷಿಣವಾಗಿ ಸುತ್ತುವ ಸುರುಳಿಗಳೇ ಹೆಚ್ಚಿದ್ದವು. ವಿಶ್ವಕ್ಕೇ ಒಂದು ಪಕ್ಷಪಾತವಿದೆಯೇ? ತಂಡದವರು ಚಿತ್ರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮತ್ತೆ ಮುಂದಿಟ್ಟರು. ಆಗಲೂ ಅಪ್ರದಕ್ಷಿಣವೇ ಹೆಚ್ಚು ಬಂತು. ಪಕ್ಷಪಾತ ಇದ್ದದ್ದು ನೋಡುವವರ ಕಣ್ಣಿನಲ್ಲಿ.

ಭಾರತದಲ್ಲೂ ಇಂಥ ಕಥೆಗಳಿವೆ. 2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನಿಗೆ ಬಡಿದು ಕಣ್ಮರೆಯಾದಾಗ, ನಾಸಾ ತನ್ನ ಚಂದ್ರ ಪರಿಭ್ರಮಕ ತೆಗೆದ ಆ ಜಾಗದ ಚಿತ್ರವನ್ನು ಎಲ್ಲರಿಗೂ ತೆರೆದಿಟ್ಟಿತು. ಚೆನ್ನೈನ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್ ಹಳೆಯ ಮತ್ತು ಹೊಸ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುತ್ತ ಕೂತರು. ಮೊದಲಿರದ ಒಂದು ಬಿಳಿ ಚುಕ್ಕೆ ಕಂಡಿತು. ಅದು ವಿಕ್ರಮ್‌ನ ಚೂರೇ ಎಂದು ನಾಸಾ ಡಿಸೆಂಬರ್‌ನಲ್ಲಿ ಒಪ್ಪಿ, ಅವರ ಹೆಸರನ್ನೂ ಹೇಳಿತು. ಅವರ ಬಳಿ ವಿಶೇಷ ಉಪಕರಣವೇನೂ ಇರಲಿಲ್ಲ. ಪುಣೆ ಬಳಿಯ ಖೋಡದ್‌ನಲ್ಲಿರುವ ಜಿಎಂಆರ್‌ಟಿ ರೇಡಿಯೊ ದೂರದರ್ಶಕದ ದತ್ತಾಂಶವನ್ನು ಕಾಲೇಜು ವಿದ್ಯಾರ್ಥಿಗಳ ಕೈಗೆ ಕೊಟ್ಟು ಶೋಧಕ್ಕೆ ಹಚ್ಚುವ ‘ರ್‍ಯಾಡ್ ಅಟ್ ಹೋಂ’ ಯೋಜನೆ 2013ರಿಂದ ನಡೆಯುತ್ತಿದೆ. ಬೆಂಗಳೂರು ಸಮೀಪದ ಬ್ಯಾಲಾಳುವಿನಲ್ಲಿರುವ ಇಸ್ರೋ ದತ್ತಾಂಶ ಕೇಂದ್ರ ಚಂದ್ರಯಾನ ಮತ್ತು ಖಗೋಳ ವೀಕ್ಷಣೆಯ ಉಪಗ್ರಹ ಆಸ್ಟ್ರೋಸ್ಯಾಟ್‌ನ ದತ್ತಾಂಶವನ್ನು ಜಾಲದಲ್ಲಿ ತೆರೆದಿಟ್ಟಿದೆ. ಅದನ್ನು ಬಳಸಲು ಕಲಿಸುವ ಪಾಠಗಳು ಕನ್ನಡದಲ್ಲಿ ಬಂದರೆ ನಮ್ಮ ಡಿಗ್ರಿ ಕಾಲೇಜುಗಳಿಗೆ ಪ್ರಾಜೆಕ್ಟ್‌ಗಳ ಬರವಿರದು.

ಕನ್ನಡದ ಪರಿಸ್ಥಿತಿ ಮಿಶ್ರ. ಬರಿಗಣ್ಣಿನ ನಕ್ಷತ್ರ ವೀಕ್ಷಣೆಯನ್ನು ನಾಡಿಗೆ ಕಲಿಸಿದ ಜಿ.ಟಿ. ನಾರಾಯಣ ರಾವ್ ಅವರ ಬರಹಗಳನ್ನು ಅವರ ಮಗ ಅಶೋಕವರ್ಧನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ನಾರಾಯಣ ರಾವ್ ವಿಜ್ಞಾನ ಸಂಪಾದಕರಾಗಿದ್ದ ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶದ ಸಂಪುಟಗಳು ಮುಕ್ತ ಪರವಾನಗಿಯಡಿ ಹೊರಬಂದಿವೆ. ಹಳೆಯದಾದರೂ ಗಟ್ಟಿ ಸರಕು. ಆದರೆ ವಿಡಿಯೊ ತಾಣದಲ್ಲಿ ಕನ್ನಡದಲ್ಲಿ ಶನಿ, ಗುರು ಎಂದು ಹುಡುಕಿ ನೋಡಿ: ಗ್ರಹಗಳು ಕಾಣುವ ಮೊದಲು ಸಾಡೇಸಾತಿಯೂ ಗುರುಬಲವೂ ಸಾಲುಗಟ್ಟಿ ಬರುತ್ತವೆ.

ಸುಳ್ಳಿಗೆ ಆನ್‌ಲೈನ್‌ನಲ್ಲಿ ಆಯುಸ್ಸೂ ಜಾಸ್ತಿ. 2003ರ ಆಗಸ್ಟ್ 27ರಂದು ಮಂಗಳ ಭೂಮಿಗೆ 5.6 ಕೋಟಿ ಕಿಲೋಮೀಟರಿನಷ್ಟು ಹತ್ತಿರ ಬಂದಿತ್ತು; ಸುಮಾರು 60 ಸಾವಿರ ವರ್ಷಗಳಲ್ಲೇ ಅಷ್ಟು ಸನಿಹ ಬಂದಿರಲಿಲ್ಲ. 75 ಪಟ್ಟು ಹಿಗ್ಗಿಸುವ ದೂರದರ್ಶಕದಲ್ಲಿ ಅದು ಬರಿಗಣ್ಣಿನ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ ಎಂದಿದ್ದ ಈಮೇಲ್‌ನಲ್ಲಿ ದೂರದರ್ಶಕದ ಮಾತು ಕಳಚಿಕೊಂಡು, ಮಂಗಳವೇ ಚಂದ್ರನಷ್ಟು ಕಾಣುತ್ತದೆ ಎಂಬ ಸುದ್ದಿ ಹಬ್ಬಿತು. ಆಗಸ್ಟ್ ಬಂದರೆ ಅದು ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ತಲೆಯೆತ್ತುತ್ತದೆ. ಸ್ಟೆಲೇರಿಯಂನಲ್ಲಿ ಆ ದಿನಾಂಕ ಹಾಕಿ ಎರಡರ ಗಾತ್ರ ನೋಡಿದರೆ ಮಂಗಳದ ಅಗಲ ಚಂದ್ರನ ಸುಮಾರು ಎಪ್ಪತ್ತೈದರಲ್ಲೊಂದು ಪಾಲು. ಏಳನೇ ತರಗತಿಯ ಮಗುವೂ ಎರಡು ನಿಮಿಷದಲ್ಲಿ ಇದನ್ನು ಪರೀಕ್ಷಿಸಬಹುದು.

ಇನ್ನು, ದುಡ್ಡೇ ಬೇಡದ, ಎರಡು ಶಾಲೆಗಳು ಕೂಡಿ ಮಾಡಬಹುದಾದ ಒಂದು ಪ್ರಯೋಗ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ಬಂದು, ನೆಟ್ಟ ಕೋಲಿನ ನೆರಳು ಮಾಯವಾಗುತ್ತದೆ. ಇದು ಶೂನ್ಯ ನೆರಳಿನ ದಿನ. ಯಾವ ಊರಿಗೆ ಯಾವತ್ತು ಎಂದು ಲೆಕ್ಕ ಹಾಕಿಕೊಡುವ ಆ್ಯಪನ್ನು ಭಾರತೀಯ ಖಗೋಳ ಸಂಘದ ಸಾರ್ವಜನಿಕ ಶಿಕ್ಷಣ ಸಮಿತಿ ರೂಪಿಸಿದೆ. ಬೀದರ್ ಇರುವುದು ಬೆಂಗಳೂರಿನ ನೇರ ಉತ್ತರಕ್ಕೆ, ಹೆಚ್ಚುಕಡಿಮೆ ಅದೇ ರೇಖಾಂಶದಲ್ಲಿ. ಹಾಗಾಗಿ ಎರಡೂ ಕಡೆ ನಡುಹಗಲು ಒಟ್ಟಿಗೇ ಆಗುತ್ತದೆ. ಆ ಕ್ಷಣದಲ್ಲಿ ಬೀದರಿನ ಮೀಟರ್ ಉದ್ದದ ಕೋಲಿಗೆ ಎಂಟೂವರೆ ಸೆಂಟಿಮೀಟರಿನಷ್ಟು ನೆರಳಿರುತ್ತದೆ. ಅಂದರೆ ಸುಮಾರು 4.9 ಡಿಗ್ರಿ ಓರೆ. ಆನ್‌ಲೈನ್ ನಕ್ಷೆಯಲ್ಲಿ ಎರಡೂ ಊರುಗಳ ನಡುವಿನ ನೇರ ದೂರ ಅಳೆದರೆ ಹತ್ತಿರ ಹತ್ತಿರ 550 ಕಿಲೋಮೀಟರ್. 4.9 ಡಿಗ್ರಿಗೆ ಇಷ್ಟಾದರೆ 360ಕ್ಕೆ ಎಷ್ಟು? ಭೂಮಿಯ ಸುತ್ತಳತೆ 40 ಸಾವಿರ ಕಿಲೋಮೀಟರಿನ ಆಸುಪಾಸಿಗೆ ಬರುತ್ತದೆ. ಗ್ರೀಕ್ ವಿದ್ವಾಂಸ ಎರಾಟಾಸ್ತನೀಸ್ ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಮಾಡಿದ್ದೂ ಇದೇ ಲೆಕ್ಕ. ಮಂಗಳೂರಿನ ಶಾಲೆಯನ್ನು ಜತೆಗೆ ಹಾಕಿಕೊಂಡರೆ ಈ ಲೆಕ್ಕ ಕೂಡಿಬರದು, ಅಲ್ಲೂ ಬೆಂಗಳೂರಿನ ಅಕ್ಷಾಂಶವೇ. ಆದರೆ ಅಲ್ಲಿ ನಡುಹಗಲು 11 ನಿಮಿಷ ತಡ. ಅದರಿಂದ ರೇಖಾಂಶದ ಪಾಠ ಮಾಡಬಹುದು. ಏಪ್ರಿಲ್ ಬೇಸಿಗೆ ರಜೆಯ ತಿಂಗಳು ಎನ್ನುವವರಿಗೆ ಆಗಸ್ಟ್ 18ರ ಸುಮಾರಿಗೆ ಇನ್ನೊಂದು ಅವಕಾಶವಿದೆ. ಅದು ಮಘೆ ಮಳೆಯ ಕಾಲ, ಮೋಡ ಬಿಡಬೇಕು ಅಷ್ಟೆ.